ನಿಕೋಟಿನ್ ಮತ್ತು ಮಿದುಳಿನ ಡೋಪಮೈನ್

ಬೀಡಿ ಅಥವಾ ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕಿಳಿದು ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವುದಕ್ಕೆಂದು ಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳಿಗೆ, ಅಂದರೆ ಗ್ರಾಹಕಗಳಿಗೆ, ನಿಕೋಟಿನ್ ಕೂಡ ಅಂಟಿಕೊಳ್ಳಬಲ್ಲದು. ಜೀವಕೋಶಗಳಲ್ಲಿ ಇಂಥದೊಂದು ಗ್ರಾಹಕ ವಸ್ತು ಇರಲೇಬೇಕೆಂದು ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ತರ್ಕಿಸಿದ್ದು ಸ್ನಾಯುಗಳ ಮೇಲೆ ಇದೇ ನಿಕೋಟಿನನ್ನು ಪ್ರಯೋಗಿಸಿ; ಆಧುನಿಕ ಔಷಧಶಾಸ್ತ್ರದ ಮೂಲ ಕಲ್ಪನೆಯೊಂದು ಹೊಗೆಸೊಪ್ಪಿನ ವಿಷಕ್ಕೆ ಋಣಿಯಾಗಿದೆ ಎನ್ನಲಡ್ಡಿಯಿಲ್ಲ.

ಮಧ್ಯಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳಿದ್ದು, ಅವುಗಳ ತಂತುಗಳು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದವರೆಗೆ ಚಾಚಿಕೊಂಡಿವೆ. ನಿಕೋಟಿನ್ ತಗುಲಿದೊಡನೆ ಗ್ರಾಹಕದ ನಡುವಿನ ನಾಳ ತೆರೆದು, ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ, ಕೋಶ ಉದ್ರೇಕಗೊಂಡು ಡೋಪಮೈನನ್ನು ಸುರಿಸುತ್ತದೆ. ಈ ಗ್ರಾಹಕದ ಬೀಟಾ-2 ಎಂಬ ಘಟಕ ಇಲ್ಲದಂತೆ ವಂಶವಾಹಿಯನ್ನು ಮಾರ್ಪಡಿಸಿದ ಇಲಿಗಳು ನಿಕೋಟಿನನ್ನು ತಾವಾಗಿ ಬಯಸಿ ಪಡೆಯುವುದಿಲ್ಲವೆಂದು 1998ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಡೋಪಮೈನನ್ನು ಸುಖದ ರಾಸಾಯನಿಕವೆಂದು ಕರೆಯುವ ರೂಢಿ ಅಪೂರ್ಣವಾದದ್ದು. ಈಗ ನಡೆದದ್ದು ಮುಖ್ಯವೆಂದೂ ಅದಕ್ಕೆ ಮುಂಚಿನ ಸನ್ನಿವೇಶ ನೆನಪಿರಬೇಕೆಂದೂ ಮಿದುಳಿಗೆ ಕಲಿಸುವುದು ಅದರ ದೊಡ್ಡ ಕೆಲಸವಾದ್ದರಿಂದಲೇ ಊಟ ಮುಗಿದ ಗಳಿಗೆ, ಚಹಾದ ಲೋಟ, ಕಡ್ಡಿ ಗೀರಿದ ಸದ್ದು ಕೂಡ ಸೇದುವ ಆಸೆಯನ್ನು ಕೆರಳಿಸುತ್ತವೆ.

ವಿಚಿತ್ರವೆಂದರೆ, ಹೀಗೆ ಎಚ್ಚೆತ್ತ ಗ್ರಾಹಕಗಳು ಬಹುಬೇಗ ಮಂಕಾಗುತ್ತವೆ. ಅಸಿಟೈಲ್‌ಕೋಲಿನನ್ನು ಒಡೆದುಹಾಕುವ ಕಿಣ್ವಕ್ಕೆ ನಿಕೋಟಿನ್ ಬಗ್ಗುವುದಿಲ್ಲವಾಗಿ ಅದು ಅಲ್ಲೇ ಉಳಿದು, ನಿಮಿಷಗಳಲ್ಲೇ ಅನೇಕ ಗ್ರಾಹಕಗಳು ಪ್ರತಿಕ್ರಿಯಿಸುವುದನ್ನು ನಿಲ್ಲಿಸುತ್ತವೆ. ಆದರೂ ಡೋಪಮೈನ್ ಕೂಡಲೇ ಕುಸಿಯದಿರುವುದಕ್ಕೆ ಕಾರಣವಿದೆ. ಗಾಬಾ ಎಂಬ ರಾಸಾಯನಿಕವನ್ನು ಸ್ರವಿಸಿ ಡೋಪಮೈನ್ ಕೋಶಗಳನ್ನು ಹತೋಟಿಯಲ್ಲಿಡುವ ಕೋಶಗಳೂ ಇದೇ ಗ್ರಾಹಕಗಳನ್ನು ನೆಚ್ಚಿಕೊಂಡಿರುವುದರಿಂದ ಅವೂ ಸುಮ್ಮನಾಗುತ್ತವೆ. ಗ್ಲುಟಮೇಟ್ ಎಂಬ ಉತ್ತೇಜಕವನ್ನು ಬಿಡುವ ನರತುದಿಗಳಲ್ಲಿರುವುದಾದರೋ ಆಲ್ಫಾ-7 ಎಂಬ ಬೇರೆ ಬಗೆಯ ಗ್ರಾಹಕವಾಗಿದ್ದು, ಸೇದುವವರ ರಕ್ತದಲ್ಲಿರುವಷ್ಟು ನಿಕೋಟಿನಿಗೆ ಅದು ಅಷ್ಟಾಗಿ ಜಡವಾಗುವುದಿಲ್ಲ. ಕಡಿವಾಣ ಸಡಿಲಗೊಂಡು ಚಾಟಿ ಮಾತ್ರ ಉಳಿದಂತಾಗುತ್ತದೆ.

ವರ್ಷಗಟ್ಟಲೆ ಸೇದುವವರ ಮಿದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ, ರಾತ್ರಿ ಕಳೆಯುವಷ್ಟರಲ್ಲಿ ಅವುಗಳಲ್ಲಿ ಅನೇಕ ಚೇತರಿಸಿಕೊಂಡು ಬರಿದಾಗಿ ಕಾದಿರುತ್ತವೆ; ಬೆಳಗಿನ ಮೊದಲ ಸಿಗರೇಟು ಅಷ್ಟು ಹಿತವೆನಿಸುವುದಕ್ಕೂ ಅದು ಸಿಗದಾಗ ಸಿಡುಕು ಏಳುವುದಕ್ಕೂ ಇದು ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಚಟ ಬಿಡಿಸಲು ಬಳಸುವ ವರೆನಿಕ್ಲಿನ್ ಎಂಬ ಔಷಧ ಇದೇ ಗ್ರಾಹಕಕ್ಕೆ ಅಂಟಿ ಅದನ್ನು ಭಾಗಶಃ ಮಾತ್ರ ಪ್ರಚೋದಿಸುವುದರಿಂದ, ಚಡಪಡಿಕೆ ತಗ್ಗುವಷ್ಟು ಡೋಪಮೈನ್ ಹೊರಡುತ್ತದೆ. ಆ ನಡುವೆ ಸೇದಿದರೂ ನಿಕೋಟಿನಿಗೆ ಅಂಟಲು ಜಾಗ ಸಾಲದೆ ಹೊಗೆ ಸಪ್ಪೆಯೆನಿಸುತ್ತದೆ.