ಹಳೆಯ ಟಿಲ್ಲರಿನ ಮೊಂಡುತನ

ಕಲಾ ವಿಭಾಗದ ವಿದ್ಯಾರ್ಥಿಗೆ ಇಂಜಿನಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಗದ್ದೆ ಮಾಡುವ ಮನೆಯಿಂದ ಬಂದವರು ಹಾಗೆ ಕೇಳಲಾರರು. ಗದ್ದೆಯಲ್ಲಿ ನೀರು ನಿಂತಿದೆ, ಸಸಿ ನಾಟಿಗೆ ಬಂದಿದೆ, ಆಳುಗಳು ಅಂಚಿನ ಮೇಲೆ ಕುಳಿತಿದ್ದಾರೆ; ಟಿಲ್ಲರ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಅಂದಿನ ಕೂಲಿ ದಂಡವಾಗುತ್ತದೆ, ಸಸಿಯ ವಯಸ್ಸು ಮೀರುತ್ತದೆ. ಇದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಚಿಕ್ಕ ದೋಷವೊಂದನ್ನು ಗುರುತಿಸಲಾರದೆ ಇನ್ನೂ ದುಡಿಯಬಲ್ಲ ಯಂತ್ರವನ್ನು ಗುಜರಿಗೆ ಹಾಕುವುದು. ಆದುದರಿಂದ ಈ ಮೊಂಡುತನದ ಮೂಲವನ್ನು ಕಂಡುಹಿಡಿಯುವ ಕ್ರಮವನ್ನು ನಾನು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದೊಡನೆ ವಿ.ಎಸ್.ಟಿ. ಸಂಸ್ಥೆಯು ಸ್ಥಾಪನೆಯಾಯಿತು. ಮುಂದೆ ಹಿಡಿಕೆ ಹಿಡಿದು ಹಿಂದೆ ನಡೆಯುವ ಈ ಯಂತ್ರವು ನಮ್ಮ ಸಣ್ಣ ಹಿಡುವಳಿಗಳಿಗೆ ಪರಿಚಿತವಾಯಿತು. ಹಳೆಯ ಟಿಲ್ಲರುಗಳಲ್ಲಿ ಹೆಚ್ಚಿನವು ಒಂದೇ ಸಿಲಿಂಡರಿನ, ಕೈಯಿಂದ ಹ್ಯಾಂಡಲ್ ತಿರುವಿ ಹೊರಡಿಸುವ ಡೀಸೆಲ್ ಇಂಜಿನಿನವು.

ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಇಂಜಿನಿನ ಗುಟ್ಟೂ ಅದೇ. ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು 20ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಆ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗಾದರೆ ಬೇಕಾದುವು ಮೂರು: ಚೆನ್ನಾಗಿ ಅದುಮಿದ ಗಾಳಿ, ನುಣ್ಣಗೆ ಸಿಂಪಡಿಸಿದ ಡೀಸೆಲ್, ಇವೆರಡೂ ಕೂಡುವ ಸರಿಯಾದ ಸಮಯ. ಇಂಜಿನು ಹೊರಡದಿದ್ದರೆ ಈ ಮೂರರಲ್ಲಿ ಒಂದು ಕೆಟ್ಟಿರಬೇಕು. ಯಾವುದು ಎಂಬುದೇ ಪ್ರಶ್ನೆ.

ಒಳ್ಳೆಯ ವೈದ್ಯರು ಮೊದಲು ರೋಗಿಯನ್ನು ವಿಚಾರಿಸುತ್ತಾರೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಸತಾಯಿಸಿ, ಬಿಸಿಯಾದ ಮೇಲೆ ಸಲೀಸಾಗಿ ಹೊರಡುವುದೇ? ಹಾಗಿದ್ದರೆ ಕಂಪ್ರೆಷನ್ ಕುಗ್ಗಿದೆಯೆಂದು ಶಂಕಿಸಬೇಕು. ಬಿಸಿಯಾದ ಸಿಲಿಂಡರಿನ ಗೋಡೆ ಆ ಕೊರತೆಯನ್ನು ಮುಚ್ಚುತ್ತದೆ. ಹೊರಟು ಎರಡು ನಿಮಿಷದಲ್ಲಿ ನಿಂತುಬಿಡುವುದೇ? ಡೀಸೆಲ್ ಬರುವ ದಾರಿಯಲ್ಲಿ ತಡೆಯಿರಬಹುದು. ರಿಪೇರಿಯಾಗಿ ಬಂದ ಮೇಲೆಯೇ ಈ ತೊಂದರೆ ಕಾಣಿಸಿತೇ? ಆಗ ಸಮಯದ ಹೊಂದಾಣಿಕೆ ತಪ್ಪಿರುವ ಸಂಭವವುಂಟು. ಅದು ತಾನಾಗಿ ಕೆಡುವುದು ಅಪರೂಪ.

ಎರಡನೆಯ ಸಾಕ್ಷಿ ಹೊಗೆ. ಒಬ್ಬರು ಹ್ಯಾಂಡಲ್ ತಿರುವುತ್ತಿರುವಾಗ ಇನ್ನೊಬ್ಬರು ಸೈಲೆನ್ಸರನ್ನು ನೋಡುತ್ತಿರಬೇಕು. ಹೊಗೆಯೇ ಇಲ್ಲವಾದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಡೀಸೆಲ್ ವಾಸನೆಯ ಬಿಳಿಹೊಗೆ ಬಂದರೆ, ಡೀಸೆಲ್ ಮುಟ್ಟುತ್ತಿದೆ, ಆದರೆ ಉರಿಯುತ್ತಿಲ್ಲ. ಇಷ್ಟರಿಂದಲೇ ನಮ್ಮ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ಒಂದು ಸ್ಪ್ಯಾನರನ್ನೂ ಕೈಗೆತ್ತಿಕೊಂಡಿಲ್ಲ!

ಹೊಗೆ ಇಲ್ಲದಿದ್ದರೆ ಟ್ಯಾಂಕಿನಿಂದ ಹಿಡಿದು ಕ್ರಮವಾಗಿ ಬರಬೇಕು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕೆಸರಿನಿಂದ ಮುಚ್ಚಿದ್ದರೆ ಡೀಸೆಲ್ ಇಳಿಯದು. ತಳದಲ್ಲಿ ನೀರು, ತುಕ್ಕು ಸೇರಿದ್ದರೆ ಬಸಿಯಬೇಕು. ಫಿಲ್ಟರನ್ನು ನೋಡಬೇಕು. ಅನಂತರ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯಬೇಕು: ಮೊದಲು ಫಿಲ್ಟರಿನ ಬಳಿ, ಬಳಿಕ ಪಂಪಿನ ಬಳಿ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹರಿಯಬಿಟ್ಟು ಬಿಗಿಯಬೇಕು. ಗಾಳಿಯ ಗುಳ್ಳೆ ಅದುಮಿದರೆ ಕುಗ್ಗುತ್ತದೆ. ಆದ್ದರಿಂದ ಪಂಪು ಎಷ್ಟು ಒತ್ತಿದರೂ ನಾಜಲ್ ತೆರೆಯುವುದಿಲ್ಲ. ಗಾಳಿ ಪೂರ್ತಿ ಹೋದ ಮೇಲೆ ಡಿಕಂಪ್ರೆಷನ್ ಲಿವರ್ ಹಿಡಿದು ಹ್ಯಾಂಡಲ್ ತಿರುವಿದರೆ ನಾಜಲಿನಿಂದ ‘ಕಿರ್ರ್’ ಎಂಬ ಸದ್ದು ಕೇಳಬೇಕು. ಆ ಸದ್ದು ಕೇಳಿಸದಿದ್ದರೆ ನಾಜಲನ್ನೋ ಪಂಪನ್ನೋ ಪರೀಕ್ಷೆಗೆ ಕೊಡಬೇಕಾಗುತ್ತದೆ. ಹೊರತೆಗೆದ ನಾಜಲಿನ ಎದುರಿಗೆ ಮಾತ್ರ ಎಂದಿಗೂ ಕೈಯೊಡ್ಡಬಾರದು. ಆ ಸಿಂಪರಣೆ ಚರ್ಮವನ್ನು ತೂರಿ ಒಳಹೋಗಬಲ್ಲುದು.

ಬಿಳಿಹೊಗೆ ಬರುತ್ತಿದ್ದರೆ ಕಂಪ್ರೆಷನನ್ನು ನೋಡಬೇಕು. ಡೀಸೆಲ್ ನಿಲ್ಲಿಸಿ, ಲಿವರ್ ಹಿಡಿಯದೆ ಹ್ಯಾಂಡಲನ್ನು ನಿಧಾನವಾಗಿ ತಿರುವಿದರೆ ಒಂದು ಹಂತದಲ್ಲಿ ಸ್ಪ್ರಿಂಗಿನಂತೆ ಬಲವಾಗಿ ಎದುರೊತ್ತಬೇಕು. ಸುಲಭವಾಗಿ ದಾಟಿಹೋದರೆ ಗಾಳಿ ಎಲ್ಲಿಯೋ ಸೋರುತ್ತಿದೆ. ಕಿವಿಗೊಟ್ಟು ಆಲಿಸಿ: ‘ಸುಸ್’ ಎಂಬ ಸದ್ದು ಏರ್ ಕ್ಲೀನರಿನಲ್ಲಿ ಕೇಳಿದರೆ ಗಾಳಿ ಒಳಬರುವ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊಗೆ ಹೋಗುವ ವಾಲ್ವು, ಆಯಿಲ್ ಹೊಯ್ಯುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗಾಳಿಯ ದಾರಿಯಿಂದ ಒಂದೇ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ತಿರುವಿದಾಗ ಎದುರೊತ್ತು ಮರಳಿ ಬಂದರೆ ರಿಂಗು ಸವೆದಿದೆ. ಬಾರದಿದ್ದರೆ ವಾಲ್ವಿನ ಕಡೆ ನೋಡಬೇಕು.

ಹೋದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಟಿಲ್ಲರಿಗೆ ಪೇಟೆಯ ಮೆಕ್ಯಾನಿಕರೊಬ್ಬರು ಹೊಸ ಪಂಪನ್ನೇ ಹಾಕಬೇಕೆಂದು ಹೇಳಿಹೋದರು. ಮನೆಯ ಯಜಮಾನರು ಅಷ್ಟು ಹಣವಿಲ್ಲದೆ ಗುಜರಿಯವನನ್ನು ಕರೆಸುವುದರಲ್ಲಿದ್ದರು. ನನ್ನ ಚಿಕ್ಕಪ್ಪ ಹೋಗಿ ನೋಡಿದಾಗ ಬಿಳಿಹೊಗೆ ಧಾರಾಳವಾಗಿ ಬರುತ್ತಿತ್ತು. “ಡೀಸೆಲ್ ಬರ್ತಾ ಇದೆಯಲ್ಲ ಮಾರಾಯ್ರೆ, ಪಂಪು ಯಾಕೆ ಬದಲಿಸ್ಬೇಕು?” ಎಂದರು. ಸೈಲೆನ್ಸರಿನಲ್ಲಿ ‘ಸುಸ್’ ಎಂಬ ಸದ್ದೂ ಕೇಳಿತು. ವಾಲ್ವು ಕೂರುವ ಜಾಗ ವರ್ಷಗಟ್ಟಲೆ ಸವೆದಂತೆ ವಾಲ್ವು ಒಳಸರಿದು, ಅದಕ್ಕೂ ಅದನ್ನು ಒತ್ತುವ ತೋಳಿಗೂ ನಡುವೆ ಇರಬೇಕಾದ ಕೂದಲೆಳೆಯ ಸಂದು ಇಲ್ಲವಾಗಿತ್ತು. ಹೀಗಾಗಿ ವಾಲ್ವು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಕೈಪಿಡಿಯಲ್ಲಿ ಹೇಳಿದಷ್ಟು ಸಂದನ್ನು ಫೀಲರ್ ಗೇಜಿನಿಂದ ಅಳೆದು ಬಿಟ್ಟರು. ಖರ್ಚು ಒಂದು ಗಂಟೆಯ ಹೊತ್ತು. ಮಧ್ಯಾಹ್ನಕ್ಕೆ ಟಿಲ್ಲರ್ ಗದ್ದೆಗಿಳಿಯಿತು.

ಗಾಳಿಯ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದು ಹೊರಡಿಸುವವರೂ ಉಂಟು. ಪೆಟ್ರೋಲ್ ಆವಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ರಿಂಗು ಮುರಿಯಬಹುದು, ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟೂ ಮುರಿಯಬಹುದು. ಒಂದು ವೇಳೆ ಹೊರಟರೂ ರೋಗ ಒಳಗೇ ಉಳಿಯುತ್ತದೆ.

ತರ್ಕಶಾಸ್ತ್ರದಲ್ಲಿ ಕಾರಣವನ್ನು ಹುಡುಕುವಾಗ ಉಳಿದುವನ್ನು ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬೇಕೆಂದು ಓದುತ್ತೇವೆ. ಪಂಪು, ನಾಜಲು, ಫಿಲ್ಟರುಗಳನ್ನು ಒಂದೇ ದಿನ ಬದಲಿಸಿದವರಿಗೆ ಇಂಜಿನು ಹೊರಟರೂ ಏಕೆ ಹೊರಟಿತೆಂಬುದು ತಿಳಿಯುವುದಿಲ್ಲ. ಬಿಲ್ಲು ಮಾತ್ರ ಕೈಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಹಳೆಯ ಟಿಲ್ಲರ್ ಇರುವ ಗೆಳೆಯರು ಮಳೆ ಹಿಡಿಯುವ ಮುನ್ನವೇ ಒಂದು ಬೆಳಿಗ್ಗೆ, ಇಂಜಿನು ತಣ್ಣಗಿರುವಾಗ, ಈ ಪರೀಕ್ಷೆಗಳನ್ನು ಮಾಡಿ ನೋಡಲಿ. ಗದ್ದೆಗೆ ನೀರು ಬಂದ ಮೇಲೆ ಅದಕ್ಕೆ ಪುರಸೊತ್ತು ಸಿಗದು.