ಮೂಟೆ ಹೊತ್ತ ತೋಳಿನೊಳಗೆ

ತುಮಕೂರಿನ ಮಂಡಿಪೇಟೆಯಲ್ಲಿ ಹಮಾಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ 50 ಕಿಲೋ ಮೂಟೆಯ ಕೆಳಗೆ ಮೊದಲ ದಿನ ತತ್ತರಿಸುತ್ತಾನೆ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ಮೂಟೆ ಹೊತ್ತು ಲಾರಿಯ ಹಲಗೆ ಏರುತ್ತಾನೆ. ಅಷ್ಟರಲ್ಲಿ ಅವನ ತೋಳಿನ ಸುತ್ತಳತೆ ಮಾತ್ರ ಹೆಚ್ಚೇನೂ ಬದಲಾಗಿರುವುದಿಲ್ಲ! ಮೊದಲು ಪಾಠ ಕಲಿಯುವುದು ನರಮಂಡಲ. ಹೆಚ್ಚು ಸ್ನಾಯು ತಂತುಗಳನ್ನು ಒಟ್ಟಿಗೆ ದುಡಿಸುವುದನ್ನು ಅದು ರೂಢಿಸಿಕೊಳ್ಳುತ್ತದೆ. ಸ್ನಾಯು ದಪ್ಪವಾಗುವುದು ಆಮೇಲಿನ, ನಿಧಾನದ ಕೆಲಸ.

ಆಗ ಹೊಸ ತಂತುಗಳು ಹುಟ್ಟುತ್ತವೆಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳುಂಟು. ಅದು ತಪ್ಪು. ತಂತುಗಳ ಸಂಖ್ಯೆ ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಇದ್ದ ತಂತುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಹೆಚ್ಚುತ್ತವೆ. ಭಾರ ಬಿದ್ದಾಗ ತಂತುವಿನ ಒಳಚೌಕಟ್ಟು ಜಗ್ಗುತ್ತದೆ. ಆ ಜಗ್ಗಾಟ ರಾಸಾಯನಿಕ ಸಂದೇಶವಾಗಿ ‘ಎಂಟಾರ್’ ಎಂಬ ಕಿಣ್ವಕ್ಕೆ ಮುಟ್ಟುತ್ತದೆ. ಎಂಟಾರ್ ಒಬ್ಬ ಗಾರೆ ಮೇಸ್ತ್ರಿಯಿದ್ದಂತೆ. ಅದು ಎಚ್ಚೆತ್ತರೆ ರೈಬೋಸೋಮುಗಳು ಪ್ರೋಟೀನ್ ಕಟ್ಟತೊಡಗುತ್ತವೆ. ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಇದೇ ಮೇಸ್ತ್ರಿಯನ್ನು ಎಬ್ಬಿಸುತ್ತದೆ. ಭಾರ ಎತ್ತಿ ಮುಗಿದ ಮೇಲೂ ಒಂದೆರಡು ದಿನ ಈ ಕಟ್ಟಡ ಕೆಲಸ ಜೋರಾಗಿಯೇ ನಡೆಯುತ್ತದೆ. ಹೊಟ್ಟೆಗೆ ಸರಿಯಾಗಿ ತಿನ್ನದೆ, ನಿದ್ದೆಗೆಟ್ಟು ದಿನವೂ ಭಾರ ಎತ್ತುವವನಿಗೆ ಇಟ್ಟಿಗೆಯೂ ಇಲ್ಲ, ಕಟ್ಟಲು ಬಿಡುವೂ ಇಲ್ಲ.

ಎಂಟಾರ್‌ನ ಹೆಸರಿನಲ್ಲಿ ರಾಪಾಮೈಸಿನ್ ಎಂಬ ಔಷಧ ಅಡಗಿದೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಪಡೆದು 1975ರಲ್ಲಿ ಪ್ರಕಟಿಸಿದ ತಂಡದಲ್ಲಿ ಭಾರತೀಯ ಮೂಲದ ಸುರೇನ್ ಸೆಹಗಲ್ ಪ್ರಮುಖರು. ಈ ಔಷಧ ಎಂಟಾರ್ ಅನ್ನು ತಡೆಯುತ್ತದೆ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧ ಪಡೆದ ಇಲಿಗಳ ಸ್ನಾಯು, ಎಷ್ಟು ಹೊರೆ ಬಿದ್ದರೂ, ದಪ್ಪವಾಗಲಿಲ್ಲವೆಂದೇ ಹೇಳಬೇಕು.

ಹೊರೆಯ ಬಗೆಯೂ ಮುಖ್ಯ. ಗುಬ್ಬಿಯ ತೋಟಗಳಲ್ಲಿ ಕಬ್ಬಿಣದ ಸಲಾಕೆಗೆ ಚುಚ್ಚಿ ನೂರಾರು ತೆಂಗಿನಕಾಯಿ ಸುಲಿಯುವವರ ತೋಳು ಪೈಲ್ವಾನನ ತೋಳಿನಂತೆ ಉಬ್ಬಿರುವುದಿಲ್ಲ. ಹಗುರ ಕೆಲಸವನ್ನು ಸಾವಿರ ಸಲ ಮಾಡಿದಾಗ ಸ್ನಾಯುವಿನಲ್ಲಿ ಮುಖ್ಯವಾಗಿ ಹೆಚ್ಚುವುದು ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ.

ಬೆಳವಣಿಗೆಗೆ ಕಡಿವಾಣವೂ ಉಂಟು: 1997ರಲ್ಲಿ ಬೆಳಕಿಗೆ ಬಂದ ಮಯೋಸ್ಟ್ಯಾಟಿನ್ ಎಂಬ ಪ್ರೋಟೀನ್. ಅದಿಲ್ಲದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ತೂಗಿತು. ಕುಣಿಗಲ್ ಕುದುರೆ ಫಾರಂ ಹೆಸರು ಮಾಡಿದ್ದು ಥರೋಬ್ರೆಡ್ ರೇಸ್ ಕುದುರೆಗಳಿಂದ. ಆ ತಳಿಯ ಕುದುರೆ ಗಿಡ್ಡ ಓಟಕ್ಕೋ ದೂರದ ಓಟಕ್ಕೋ ಎಂಬುದರಲ್ಲಿ ಮಯೋಸ್ಟ್ಯಾಟಿನ್ ಜೀನಿನ ಪಾತ್ರ ದೊಡ್ಡದೆಂದು 2010ರಲ್ಲಿ ತಿಳಿಯಿತು.

ಭಾರ ಎತ್ತಿದರೆ ಮಗ ಕುಳ್ಳಗಾಗುತ್ತಾನೆಂಬ ಹೆದರಿಕೆ ಅನೇಕ ತಂದೆ ತಾಯಿಯರದು. ತಿಳಿದವರ ಕಣ್ಗಾವಲಿನಲ್ಲಿ, ಹದವರಿತು ಎತ್ತಿದರೆ ಹಾಗಾಗುವುದಿಲ್ಲ. ಹೆದರಬೇಕಾದದ್ದು ಬೇಗ ಮೈ ಉಬ್ಬಿಸುವ ಸ್ಟೀರಾಯ್ಡ್ ಚುಚ್ಚುಮದ್ದಿಗೆ. ಬೆಳೆಯುವ ವಯಸ್ಸಿನ ಹುಡುಗನ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಅದರಿಂದ ಅವಧಿಗೆ ಮುನ್ನವೇ ಮುಚ್ಚಿಹೋಗಬಹುದು. ಮುಚ್ಚಿದ ಮೇಲೆ ಆ ಮೂಳೆ ಉದ್ದವಾಗುವುದಿಲ್ಲ.