ಜಾತಕ ಶಿಲ್ಪ ಮತ್ತು ಪಠ್ಯ: ಭಾರ್ಹುತ್ ಶಾಸನಗಳ ಹಿನ್ನೆಲೆಯಲ್ಲಿ

ಬೌದ್ಧ ಕಥಾಶಿಲ್ಪಗಳನ್ನು ಪಾಲಿ ಜಾತಕಗಳ ಚಿತ್ರರೂಪವೆಂದು ಪರಿಗಣಿಸುವ ರೂಢಿ ನಮ್ಮ ಅಧ್ಯಯನಗಳಲ್ಲಿದೆ. ಗ್ರಂಥ ಮೊದಲು, ಶಿಲ್ಪ ಅನಂತರ ಎಂಬ ಗ್ರಹಿಕೆ ಇದರ ಹಿಂದಿದೆ. ಭಾರ್ಹುತ್ ಸ್ತೂಪದ ಶಿಲ್ಪಗಳು ಈ ಗ್ರಹಿಕೆಯ ಮರುಪರಿಶೀಲನೆಯನ್ನು ಅಪೇಕ್ಷಿಸುತ್ತವೆ.

ಮಧ್ಯಪ್ರದೇಶದಲ್ಲಿರುವ ಈ ಸ್ತೂಪದ ಅವಶೇಷಗಳನ್ನು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1873ರಲ್ಲಿ ಗುರುತಿಸಿದನು. ಕ್ರಿ.ಪೂ. 2-1ನೆಯ ಶತಮಾನಗಳ ಇದರ ಕಟಾಂಜನದ ಉಳಿದ ಬಹುಭಾಗ ಇಂದು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಅನೇಕ ಶಿಲ್ಪಗಳ ಬಳಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಕಿರು ಶಾಸನಗಳಿದ್ದು, ಕಥೆಯ ಹೆಸರನ್ನು ಸೂಚಿಸುತ್ತವೆ.

‘ಮಿಗ ಜಾತಕ’ ಎಂದು ಬರೆದಿರುವ ಪದಕವನ್ನು ಗಮನಿಸಬಹುದು. ನದಿಯಲ್ಲಿ ಮುಳುಗುತ್ತಿದ್ದವನನ್ನು ಜಿಂಕೆ ಬೆನ್ನ ಮೇಲೆ ಹೊತ್ತು ದಡ ಸೇರಿಸುವುದು, ಅವನ ದ್ರೋಹದಿಂದ ಅದರ ನೆಲೆಯನ್ನರಿತ ರಾಜ ಬಿಲ್ಲೆತ್ತುವುದು, ಬಳಿಕ ಅದರೆದುರು ಕೈಮುಗಿಯುವುದು - ಈ ಮೂರೂ ಘಟನೆಗಳು ಒಂದೇ ವೃತ್ತದಲ್ಲಿವೆ. ಪಠ್ಯ ಕಾಲಕ್ರಮದಲ್ಲಿ ಹೇಳುವುದನ್ನು ಶಿಲ್ಪ ಏಕಕಾಲದಲ್ಲಿ ಕಾಣಿಸುತ್ತದೆ. ಪಾಲಿ ಸಂಗ್ರಹದಲ್ಲಿ ಈ ಕಥೆಯ ಹೆಸರು ‘ರುರು ಜಾತಕ’. ಅಂತೆಯೇ ಭಾರ್ಹುತ್‌ನ ‘ನಾಗ ಜಾತಕ’ ಅಲ್ಲಿ ‘ಕಕ್ಕಟ ಜಾತಕ’ವಾಗಿದೆ; ಮೊದಲ ಹೆಸರು ಆನೆಯನ್ನು, ಎರಡನೆಯದು ಏಡಿಯನ್ನು ಮುಂದುಮಾಡುತ್ತದೆ. ಮತ್ತೊಂದು ಶಿಲ್ಪಕ್ಕೆ ಬಿಡಾಲ (ಬೆಕ್ಕು), ಕುಕ್ಕುಟ (ಹುಂಜ) ಎಂಬ ಎರಡು ಹೆಸರುಗಳನ್ನೂ ಒಟ್ಟಿಗೆ ಕೊಡಲಾಗಿದೆ.

ಈ ಭಿನ್ನತೆಯನ್ನು ಶಿಲ್ಪಿಯ ಪ್ರಮಾದವೆನ್ನಲಾಗದು. ಜಾತಕಗಳ ಗಾಹೆಗಳು ಪ್ರಾಚೀನವಾದರೂ, ಕಥೆಯನ್ನು ವಿಸ್ತರಿಸುವ ಪಾಲಿ ಗದ್ಯ ಈಗಿನ ರೂಪ ಪಡೆದದ್ದು ಸುಮಾರು ಕ್ರಿ.ಶ. 5ನೆಯ ಶತಮಾನದಲ್ಲಿ. ಶಿಲ್ಪ ಅದಕ್ಕಿಂತ ಐದಾರು ಶತಮಾನ ಹಿಂದಿನದು. ಆದ್ದರಿಂದ ಕಥೆಗಳಿಗೆ ಹೆಸರೂ ರೂಪವೂ ಒಂದೇ ಆಗಿ ಸ್ಥಿರಗೊಳ್ಳದಿದ್ದ ಹಂತಕ್ಕೆ ಶಿಲ್ಪವೇ ಸ್ವತಂತ್ರ ಆಕರವಾಗುತ್ತದೆ.

ಕರ್ನಾಟಕದ ಮಟ್ಟಿಗೂ ಈ ವಿಚಾರ ಪ್ರಸ್ತುತ. ಕಲಬುರಗಿ ಜಿಲ್ಲೆಯ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಿಂದ ನಡೆದ ಉತ್ಖನನದಲ್ಲಿ ಜಾತಕ ಫಲಕಗಳೂ ‘ರಾಯ ಅಸೋಕೋ’ ಎಂಬ ಬರಹವುಳ್ಳ ರಾಜನ ಶಿಲ್ಪವೂ ದೊರೆತಿವೆ. ಇವುಗಳಿಗೆ ಗ್ರಂಥದಲ್ಲಿ ಸಮಾನ ಕಥೆ ಹುಡುಕುವುದು ಅಧ್ಯಯನದ ಮೊದಲ ಹೆಜ್ಜೆ ಮಾತ್ರ. ಗ್ರಂಥಕ್ಕೆ ಹೊಂದದ ವಿವರವನ್ನು ದೋಷವೆಂದು ಬದಿಗಿರಿಸಿದರೆ ಕಥೆಯ ಇನ್ನೊಂದು ಪಾಠವನ್ನೇ ಕಳೆದುಕೊಂಡಂತಾಗುತ್ತದೆ. ಹಸ್ತಪ್ರತಿಗಳ ಪಾಠಾಂತರಗಳಿಗೆ ನಾವು ನೀಡುವ ಗೌರವ ಕಲ್ಲಿನ ಪಾಠಾಂತರಗಳಿಗೂ ಸಲ್ಲಬೇಕಾಗಿದೆ.